ವಯಸ್ಸಿನ ಲೆಕ್ಕ, ಹುಟ್ಟಿದ ವರ್ಷದ ಲೆಕ್ಕ: ಜೀವಿತಾವಧಿ ಮನೋವಿಜ್ಞಾನದ ಚರಿತ್ರೆಯಲ್ಲಿ ‘ಓರಗೆ’ಯ ಪರಿಕಲ್ಪನೆ

ಬಿ.ಎಡ್. ಓದಿದವರಿಗೆ, ಶಿಕ್ಷಕರ ಅರ್ಹತಾ ಪರೀಕ್ಷೆಗೆ ಕೂತವರಿಗೆ ವಿಕಾಸಾತ್ಮಕ ಮನೋವಿಜ್ಞಾನ ಎಂದೊಡನೆ ನೆನಪಾಗುವುದು ಕೋಷ್ಟಕಗಳು. ಪಿಯಾಜೆಯವರ ನಾಲ್ಕು ಹಂತ, ಎರಿಕ್‌ಸನ್‌ ಅವರ ಎಂಟು ಹಂತ, ಕೋಲ್‌ಬರ್ಗ್ ಅವರ ಮೂರು ಸ್ತರ. ಈ ಹಂತಗಳ ಚರಿತ್ರೆಯನ್ನು ಬರೆಯುವುದು ಕಷ್ಟವಲ್ಲ, ಬರೆದವರೂ ಬಹಳ ಮಂದಿ. ಈ ಲೇಖನ ಹಿಡಿದಿರುವ ದಾರಿ ಬೇರೆ. ಮನುಷ್ಯನ ವಿಕಾಸ ಹರೆಯಕ್ಕೆ ಮುಗಿಯುವುದಿಲ್ಲ, ಮುಪ್ಪಿನವರೆಗೂ ನಡೆಯುತ್ತದೆ ಎಂಬ ಇಂದಿನ ತಿಳಿವಳಿಕೆ ಗಟ್ಟಿಯಾಗಿ ನಿಂತದ್ದು ಹಂತಗಳ ಮೇಲಲ್ಲ. ಅಂಕಿಅಂಶದ ಒಂದು ತೊಡಕನ್ನು ಬಿಡಿಸಿಕೊಂಡ ಮೇಲೆ. ಎಪ್ಪತ್ತರ ಅಜ್ಜ ಇಪ್ಪತ್ತರ ಮೊಮ್ಮಗನಿಗಿಂತ ಬುದ್ಧಿಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದರೆ, ಅದಕ್ಕೆ ಕಾರಣ ಅಜ್ಜನ ವಯಸ್ಸೋ, ಅವನು ಹುಟ್ಟಿ ಬೆಳೆದ ಕಾಲವೋ?

ಈ ಪ್ರಶ್ನೆ ಕೇಳುವುದಕ್ಕೆ ಮನೋವಿಜ್ಞಾನಿಗಳಿಗೆ ಅರ್ಧ ಶತಮಾನವೇ ಹಿಡಿಯಿತು. ಆದರೆ ಅದರ ಸುಳಿವು ಬಹಳ ಹಿಂದೆಯೇ ಇತ್ತು. ಜರ್ಮನಿಯ ಕೀಲ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಯೊಹಾನ್ ನಿಕೊಲಾಸ್ ಟೇಟೆನ್ಸ್ 1777ರಲ್ಲಿ ಮಾನವ ಸ್ವಭಾವ ಮತ್ತು ಅದರ ವಿಕಾಸದ ಬಗ್ಗೆ ಎರಡು ಸಂಪುಟಗಳ ಗ್ರಂಥ ಬರೆದರು. ಮನಸ್ಸು ಮಾರ್ಪಡುವ ಗುಣವನ್ನು ಪ್ರೌಢಾವಸ್ಥೆಯಲ್ಲೂ ಉಳಿಸಿಕೊಂಡಿರುತ್ತದೆ ಎಂಬುದು ಅವರ ನಿಲುವಾಗಿತ್ತು. ಆ ಪುಸ್ತಕ ಕಾಂಟ್ ಅವರ ಮೇಜಿನ ಮೇಲೆ ಸದಾ ಇರುತ್ತಿತ್ತೆಂದು ಅವರ ಸಮಕಾಲೀನ ಹಾಮನ್ ಬರೆದಿದ್ದಾರೆ. ಟೇಟೆನ್ಸ್ ಮುಂದೆ ಕೋಪನ್‌ಹೇಗನ್ನಿಗೆ ಹೋಗಿ ಹಣಕಾಸಿನ ಅಧಿಕಾರಿಯಾದರು. ಜೀವಿತ ವರ್ಷಾಶನಗಳ ಲೆಕ್ಕಾಚಾರದ ಬಗ್ಗೆಯೂ ಗ್ರಂಥ ಬರೆದರು. ಮನುಷ್ಯನ ಇಡೀ ಬದುಕನ್ನು ಮೊದಲು ಯೋಚಿಸಿದವರು ಕೊನೆಗೆ ವಿಮೆಯ ಲೆಕ್ಕಕ್ಕೆ ಇಳಿದದ್ದು ನನಗೆ ಆಕಸ್ಮಿಕವಾಗಿ ಕಾಣುವುದಿಲ್ಲ. ಎಷ್ಟು ಜನ ಯಾವ ವಯಸ್ಸಿನವರೆಗೆ ಬದುಕುತ್ತಾರೆ ಎಂಬ ಕುತೂಹಲ ಆಗ ಮನೋವಿಜ್ಞಾನಕ್ಕಿಂತ ಖಜಾನೆಗೆ ಹೆಚ್ಚಾಗಿತ್ತು.

ಬ್ರಸೆಲ್ಸ್‌ನ ಖಗೋಳತಜ್ಞ ಹಾಗೂ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟಲೆ 1835ರ ತಮ್ಮ ಗ್ರಂಥದಲ್ಲಿ ಇನ್ನೂ ಮುಂದೆ ಹೋದರು. ಎತ್ತರ, ತೂಕ, ಮೈಬಲ, ಅಪರಾಧ, ಕಡೆಗೆ ಫ್ರೆಂಚ್ ಮತ್ತು ಇಂಗ್ಲಿಷ್ ನಾಟಕಕಾರರು ಯಾವ ವಯಸ್ಸಿನಲ್ಲಿ ಏನು ಬರೆದರು ಎಂಬುದನ್ನೂ ವಯಸ್ಸಿನ ಪ್ರಕಾರ ಪಟ್ಟಿ ಮಾಡಿದರು. ಆಯಾ ಕಾಲದ ಘಟನೆಗಳು ಇಂಥ ಪಟ್ಟಿಗಳೊಳಗೆ ನುಸುಳುತ್ತವೆ ಎಂಬ ಎಚ್ಚರವೂ ಅವರಿಗಿತ್ತು. ಈ ಎಚ್ಚರವನ್ನು ಮುಂದಿನವರು ಉಳಿಸಿಕೊಳ್ಳಲಿಲ್ಲ.

ಮಗುವಿನ ಶತಮಾನ

ಉಳಿಸಿಕೊಳ್ಳದಿರಲು ಒಂದು ಕಾರಣ ಡಾರ್ವಿನ್. ತಮ್ಮ ಮೊದಲ ಮಗನ ಬಗ್ಗೆ 1839ರಿಂದ ಇಟ್ಟುಕೊಂಡಿದ್ದ ಟಿಪ್ಪಣಿಗಳನ್ನು ಅವರು 1877ರಲ್ಲಿ ‘ಮೈಂಡ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 1882ರಲ್ಲಿ ವಿಲ್ಹೆಲ್ಮ್ ಪ್ರೈಯರ್ ತಮ್ಮ ಮಗನ ಮೊದಲ ಮೂರು ವರ್ಷಗಳ ದಿನಚರಿಯಿಂದ ಮಗುವಿನ ಮನಸ್ಸಿನ ಬಗ್ಗೆ ಒಂದು ಗ್ರಂಥವನ್ನೇ ಕಟ್ಟಿದರು. ಜೀವವಿಕಾಸದ ಗುಟ್ಟು ಮಗುವಿನಲ್ಲಿದೆ ಎಂಬ ನಂಬಿಕೆ ಹರಡಿತು. ಅಮೆರಿಕದ ಸ್ಟಾನ್ಲಿ ಹಾಲ್ ಇದನ್ನು ಅತಿಗೆ ಒಯ್ದವರು: ಮಗು ಬೆಳೆಯುತ್ತ ಇಡೀ ಮನುಕುಲದ ಚರಿತ್ರೆಯನ್ನು ಮರಳಿ ಹಾಯುತ್ತದೆ ಎಂದರು. ಇದರ ಬೆನ್ನಿಗೇ ಕೆಲವು ಜನಾಂಗಗಳು ಇನ್ನೂ ಹರೆಯದಲ್ಲಿವೆ ಎಂಬ ವಸಾಹತುಶಾಹಿ ಮಾತೂ ಬಂತು. 1904ರ ಅವರ ‘ಅಡೊಲೆಸೆನ್ಸ್’ ಗ್ರಂಥ ತಾರುಣ್ಯವನ್ನು ಒತ್ತಡ ಮತ್ತು ಬಿರುಗಾಳಿಯ ಕಾಲವಾಗಿ ಚಿತ್ರಿಸಿತು. ನಮ್ಮ ಪಠ್ಯಪುಸ್ತಕಗಳು ಆ ಮಾತನ್ನು ಇಂದಿಗೂ ಬಿಟ್ಟಿಲ್ಲ. ಅದೇ ಹಾಲ್ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ ನಿವೃತ್ತರಾದ ಮೇಲೆ, 1922ರಲ್ಲಿ, ಮುಪ್ಪಿನ ಬಗ್ಗೆ ‘ಸೆನೆಸೆನ್ಸ್’ ಬರೆದರು. ವೃದ್ಧರಿಗೆ ಪ್ರಶ್ನಾವಳಿ ಕಳಿಸಿ ಉತ್ತರ ತರಿಸಿಕೊಂಡರು. ಮುಪ್ಪು ಬರಿಯ ಇಳಿತವಲ್ಲ, ಅದಕ್ಕೆ ತನ್ನದೇ ಮನೋಧರ್ಮವಿದೆ ಎಂದು ವಾದಿಸಿದರು. ಮೊದಲ ಪುಸ್ತಕ ಒಂದು ಶಾಸ್ತ್ರವನ್ನೇ ಹುಟ್ಟಿಸಿತು. ಎರಡನೆಯದು ಬಹುಕಾಲ ಓದುಗರಿಲ್ಲದೆ ಕೂತಿತು.

ಕಾರಣ ಬರಿಯ ಬೌದ್ಧಿಕವಲ್ಲ, ಹಣದ್ದೂ ಹೌದು. 1920ರ ದಶಕದಲ್ಲಿ ರಾಕ್‌ಫೆಲರ್ ಕುಟುಂಬದ ಲಾರಾ ಸ್ಪೆಲ್ಮನ್ ನಿಧಿ ಮಿನ್ನೆಸೋಟ, ಬರ್ಕ್‌ಲಿ ಮುಂತಾದೆಡೆ ಶಿಶು ಸಂಶೋಧನಾ ಸಂಸ್ಥೆಗಳನ್ನು ಪೋಷಿಸಿತು. ಒಳ್ಳೆಯ ತಾಯ್ತಂದೆಯರನ್ನೂ ಒಳ್ಳೆಯ ಶಾಲೆಗಳನ್ನೂ ರೂಪಿಸುವುದು ದಾನಿಗಳ ಉದ್ದೇಶ. ಪಿಯಾಜೆ, ವೈಗೋಟ್‌ಸ್ಕಿ, ಮುಂದೆ ಬೋಲ್ಬಿ ಮತ್ತು ಏನ್ಸ್‌ವರ್ತ್ ಅವರ ದೊಡ್ಡ ಕೆಲಸಗಳೆಲ್ಲ ಜೀವನದ ಮೊದಲ ಹದಿನೈದು ವರ್ಷಗಳ ಸುತ್ತಲೇ ನಡೆದವು. ಅವುಗಳ ಬೆಲೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಆದರೆ ಬರ್ಕ್‌ಲಿಯ ಸಂಸ್ಥೆ ಅಧ್ಯಯನಕ್ಕೆ ಆರಿಸಿಕೊಂಡ ಮಕ್ಕಳನ್ನು ಗಮನದಲ್ಲಿಡಬೇಕು. ಕತೆ ತಿರುಗುವುದು ಅವರಿಂದಲೇ.

ಇಳಿಯುವ ಗೆರೆ

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಸುಮಾರು 17 ಲಕ್ಷ ಮಂದಿಗೆ ಬುದ್ಧಿಪರೀಕ್ಷೆ ಮಾಡಿತು. 1921ರಲ್ಲಿ ರಾಬರ್ಟ್ ಯರ್ಕ್ಸ್ ಪ್ರಕಟಿಸಿದ ವರದಿಯಲ್ಲಿ, ಹಿರಿಯ ವಯಸ್ಸಿನ ಅಧಿಕಾರಿಗಳ ಸರಾಸರಿ ಅಂಕ ಕಿರಿಯರಿಗಿಂತ ಕಡಿಮೆ ಇತ್ತು. ಹೆರಾಲ್ಡ್ ಜೋನ್ಸ್ ಮತ್ತು ಹರ್ಬರ್ಟ್ ಕಾನ್ರಾಡ್ ಇದೇ ಸೇನಾ ಪರೀಕ್ಷೆಯನ್ನು ನ್ಯೂ ಇಂಗ್ಲೆಂಡ್ ಪ್ರಾಂತದ ಹಳ್ಳಿಗಳಿಗೆ ಒಯ್ದರು. ಊರ ಸಭಾಂಗಣದಲ್ಲಿ ಪುಕ್ಕಟೆ ಸಿನಿಮಾ ತೋರಿಸುತ್ತೇವೆಂದು ಜನರನ್ನು ಸೇರಿಸಿ ಅಲ್ಲೇ ಪ್ರಶ್ನೆಪತ್ರಿಕೆ ಹಂಚಿದರು. 1933ರಲ್ಲಿ ಪ್ರಕಟವಾದ ಫಲಿತಾಂಶ ಅದೇ: ಇಪ್ಪತ್ತರ ಆಸುಪಾಸಿನಲ್ಲಿ ಶಿಖರ, ಆಮೇಲೆ ನಿಧಾನ ಇಳಿಜಾರು. 1939ರಲ್ಲಿ ಡೇವಿಡ್ ವೆಕ್ಸ್ಲರ್ ವಯಸ್ಕರಿಗೆಂದು ಪರೀಕ್ಷೆ ರೂಪಿಸಿದಾಗ ಈ ಇಳಿಜಾರನ್ನು ದೇಹ ಸವೆಯುವಷ್ಟೇ ಸಹಜವೆಂದು ಒಪ್ಪಿಕೊಂಡರು. ಪಠ್ಯಪುಸ್ತಕಗಳಲ್ಲಿ ಆ ಗೆರೆ ಅಚ್ಚಾಯಿತು.

ಇಲ್ಲೊಂದು ಮೋಸವಿತ್ತು, ಯಾರೂ ಬೇಕೆಂದು ಮಾಡಿದ್ದಲ್ಲ. ಈ ಅಧ್ಯಯನಗಳಲ್ಲಿ ಒಬ್ಬ ಮನುಷ್ಯನೂ ಇಪ್ಪತ್ತರಿಂದ ಅರವತ್ತಕ್ಕೆ ಬೆಳೆದಿರಲಿಲ್ಲ. ಒಂದೇ ದಿನ ಬೇರೆ ಬೇರೆ ವಯಸ್ಸಿನವರನ್ನು ಅಳೆದು, ಅವರನ್ನು ಸಾಲಾಗಿ ನಿಲ್ಲಿಸಿ, ಆ ಸಾಲನ್ನೇ ಒಬ್ಬನ ಜೀವನವೆಂದು ಓದಲಾಗಿತ್ತು. ಅರವತ್ತರವರು ಕಡಿಮೆ ಶಾಲೆ ಕಂಡವರು. ಕಾಗದದ ಮೇಲೆ ಗಡಿಯಾರದ ಎದುರು ಉತ್ತರ ಬರೆಯುವ ರೂಢಿಯೇ ಇಲ್ಲದವರು.

ವಿಲಿಯಂ ಓವೆನ್ಸ್ ಅಯೋವದಲ್ಲಿ ಇದಕ್ಕೆ ಸರಳವಾದ ಉತ್ತರ ಹುಡುಕಿದರು. 1919ರಲ್ಲಿ ಕಾಲೇಜು ಸೇರಿದಾಗ ಸೇನಾ ಪರೀಕ್ಷೆ ಬರೆದಿದ್ದ ಹುಡುಗರ ಉತ್ತರಪತ್ರಿಕೆಗಳು ಉಳಿದಿದ್ದವು. ಅವರಲ್ಲಿ 127 ಮಂದಿಯನ್ನು ಹುಡುಕಿ, ಐವತ್ತರ ಅಂಚಿನಲ್ಲಿದ್ದ ಅವರಿಗೆ ಅದೇ ಪರೀಕ್ಷೆಯನ್ನು ಮತ್ತೆ ಕೊಟ್ಟರು. 1953ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಅವರ ಒಟ್ಟು ಅಂಕ ಇಳಿದಿರಲಿಲ್ಲ, ಏರಿತ್ತು.

ಎರಡೂ ಬಗೆಯ ಅಳತೆಯನ್ನು ಹೆಣೆದವರು ವಾರ್ನರ್ ಶೈ. 1956ರಲ್ಲಿ ಸಿಯಾಟಲ್‌ನ ಒಂದು ಸಹಕಾರಿ ಆರೋಗ್ಯ ಸಂಸ್ಥೆಯ ಸದಸ್ಯರಲ್ಲಿ 500 ಮಂದಿ ವಯಸ್ಕರನ್ನು ಆರಿಸಿ ಪರೀಕ್ಷಿಸಿದರು. ಏಳು ವರ್ಷಕ್ಕೊಮ್ಮೆ ಹಳಬರನ್ನು ಮತ್ತೆ ಅಳೆಯುವುದು, ಜೊತೆಗೆ ಅದೇ ವಯಸ್ಸಿನ ಹೊಸಬರನ್ನೂ ಸೇರಿಸಿಕೊಳ್ಳುವುದು ಅವರ ಕ್ರಮವಾಯಿತು. ದಶಕಗಳ ಕಾಲ ನಡೆದ ಈ ಅಧ್ಯಯನದಲ್ಲಿ ಕಂಡದ್ದು: ಹೆಚ್ಚಿನ ಬೌದ್ಧಿಕ ಸಾಮರ್ಥ್ಯಗಳು ಅರವತ್ತರ ಆಸುಪಾಸಿನವರೆಗೆ ಉಳಿಯುತ್ತವೆ, ಕೆಲವು ಏರುತ್ತವೆ, ಇಳಿತ ನಿಜ, ಆದರೆ ಅದು ತಡವಾಗಿ, ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಬರುತ್ತದೆ. ಹಳೆಯ ಗೆರೆಯ ಇಳಿಜಾರಿನಲ್ಲಿ ದೊಡ್ಡ ಪಾಲು ಹುಟ್ಟಿದ ವರ್ಷದ್ದಾಗಿತ್ತು. 1965ರಲ್ಲಿ ಶೈ ಇದನ್ನು ಒಂದು ಸೂತ್ರವಾಗಿ ಮಂಡಿಸಿದರು. ಅದೇ ವರ್ಷ ಸಮಾಜಶಾಸ್ತ್ರಜ್ಞ ನಾರ್ಮನ್ ರೈಡರ್ ‘ಕೊಹಾರ್ಟ್’ ಎಂಬ ಪರಿಕಲ್ಪನೆಯನ್ನು ಸಾಮಾಜಿಕ ಬದಲಾವಣೆಯ ಅಧ್ಯಯನಕ್ಕೆ ತಂದರು. ಒಂದೇ ಕಾಲದಲ್ಲಿ ಹುಟ್ಟಿ, ಒಂದೇ ವಯಸ್ಸಿನಲ್ಲಿ ಒಂದೇ ಯುದ್ಧ, ಒಂದೇ ಬರ, ಒಂದೇ ಶಾಲೆಯನ್ನು ಹಾದು ಬಂದವರು, ನಾವು ಓರಗೆಯವರು ಎನ್ನುತ್ತೇವಲ್ಲ, ಅವರು.

ಇದರಿಂದ ಎಲ್ಲವೂ ಇತ್ಯರ್ಥವಾಯಿತೆಂದಲ್ಲ. ವಯಸ್ಸು ಎಂದರೆ ಅಳತೆಯ ವರ್ಷದಿಂದ ಹುಟ್ಟಿದ ವರ್ಷವನ್ನು ಕಳೆದಾಗ ಉಳಿಯುವ ಸಂಖ್ಯೆ. ಮೂರರಲ್ಲಿ ಎರಡು ಗೊತ್ತಾದರೆ ಮೂರನೆಯದು ತಾನಾಗಿಯೇ ಗೊತ್ತು; ಆದ್ದರಿಂದ ಮೂರರ ಪ್ರಭಾವವನ್ನೂ ಸಂಖ್ಯೆಗಳಿಂದಷ್ಟೇ ಪೂರ್ತಿ ಬೇರ್ಪಡಿಸಲಾಗದು. ಅಷ್ಟೇ ಅಲ್ಲ, ಏಳು ವರ್ಷದ ನಂತರ ಮತ್ತೆ ಪರೀಕ್ಷೆಗೆ ಬರುವವರು ಗಟ್ಟಿಯಾಗಿ ಉಳಿದವರು, ಸತ್ತವರೂ ಕಾಯಿಲೆ ಬಿದ್ದವರೂ ಬರುವುದಿಲ್ಲ. ಜಾನ್ ಹಾರ್ನ್ ಮತ್ತು ಗ್ಯಾರಿ ಡೊನಾಲ್ಡ್‌ಸನ್ 1976ರಲ್ಲಿ ಇದನ್ನೇ ಎತ್ತಿ ಶೈ ಮತ್ತು ಪಾಲ್ ಬಾಲ್ಟಿಸ್ ಅವರ ಆಶಾವಾದವನ್ನು ಕಟುವಾಗಿ ಟೀಕಿಸಿದರು. ಹಾರ್ನ್ ಅವರು ರೇಮಂಡ್ ಕ್ಯಾಟೆಲ್ ಜೊತೆ ಸೇರಿ ಮಾಡಿದ್ದ ವಿಂಗಡಣೆ ಈ ಜಗಳದಲ್ಲಿ ಇಬ್ಬರಿಗೂ ನೆರವಾಯಿತು: ಹೊಸ ಸಮಸ್ಯೆಯನ್ನು ಥಟ್ಟನೆ ಬಿಡಿಸುವ ಶಕ್ತಿ ಬೇಗ ಇಳಿಯುತ್ತದೆ, ಪದಸಂಪತ್ತು, ಲೋಕಜ್ಞಾನಗಳಂಥ ಕೂಡಿಟ್ಟ ಬುದ್ಧಿ ಬಹುಕಾಲ ನಿಲ್ಲುತ್ತದೆ. ನನ್ನ ಓದಿನಲ್ಲಿ ಟೀಕಾಕಾರರ ಮಾತು ಅರ್ಧ ಸರಿ. ಇಳಿತದ ಪ್ರಮಾಣವನ್ನು ಶೈ ಪಾಳೆಯ ಕಡಿಮೆ ಮಾಡಿ ಹೇಳಿತು. ಆದರೆ ಅಡ್ಡ ಸಾಲನ್ನು ಜೀವನವೆಂದು ಓದುವ ಅಭ್ಯಾಸ ಮತ್ತೆ ತಲೆ ಎತ್ತದಂತೆಯೂ ಮಾಡಿತು.

ಬರ್ಕ್‌ಲಿಯ ಮಕ್ಕಳು ದೊಡ್ಡವರಾದಾಗ

ಶಿಶು ಅಧ್ಯಯನಕ್ಕೆಂದು 1928ರ ಹೊತ್ತಿಗೆ ಬರ್ಕ್‌ಲಿಯಲ್ಲಿ, 1930ರ ದಶಕದ ಆರಂಭದಲ್ಲಿ ಪಕ್ಕದ ಓಕ್‌ಲೆಂಡಿನಲ್ಲಿ ಸೇರಿಸಿಕೊಂಡ ಮಕ್ಕಳು ಬೆಳೆಯುವುದನ್ನು ನಿಲ್ಲಿಸಲಿಲ್ಲ. ಸಂಶೋಧಕರೂ ಅವರನ್ನು ಬಿಡಲಿಲ್ಲ. 1962ರಲ್ಲಿ ಬರ್ಕ್‌ಲಿಗೆ ಬಂದ ಗ್ಲೆನ್ ಎಲ್ಡರ್ ಆ ಕಡತಗಳಲ್ಲಿ ಕಂಡದ್ದು ಹಂತಗಳನ್ನಲ್ಲ, ಮಹಾ ಆರ್ಥಿಕ ಕುಸಿತವನ್ನು. 1974ರ ಅವರ ಪುಸ್ತಕ ಓಕ್‌ಲೆಂಡಿನ 167 ಮಕ್ಕಳನ್ನು ಕುರಿತದ್ದು. ಅವರೆಲ್ಲ 1920-21ರಲ್ಲಿ ಹುಟ್ಟಿದವರು. ಅಪ್ಪನ ಸಂಪಾದನೆ ಮೂರನೇ ಒಂದಕ್ಕಿಂತ ಹೆಚ್ಚು ಕುಸಿದ ಮನೆಗಳಲ್ಲಿ ಹುಡುಗರು ಸಣ್ಣಪುಟ್ಟ ಕೆಲಸ ಹಿಡಿದರು, ಹುಡುಗಿಯರು ಅಡುಗೆಮನೆ ವಹಿಸಿಕೊಂಡರು. ಮನೆಗೆ ಬೇಕಾದವರಾದದ್ದು ಆ ಹುಡುಗರಿಗೆ ಒಂದು ಬಲವನ್ನೂ ಕೊಟ್ಟಿತು. ಬರ್ಕ್‌ಲಿಯ ಮಕ್ಕಳು ಏಳೆಂಟು ವರ್ಷ ಕಿರಿಯರು. ಕುಸಿತ ಬಂದಾಗ ತೊಡೆಯ ಮೇಲಿನ ಕೂಸುಗಳು. ಅದೇ ಬಡತನ ಅಲ್ಲಿನ ಹುಡುಗರನ್ನು ಹರೆಯದಲ್ಲಿ ಅಂಜುಬುರುಕರನ್ನಾಗಿ ಮಾಡಿತ್ತು. ಮುಂದೆ ಸೇನೆ ಸೇರಿದ ಹಲವರ ಬದುಕು ಅಲ್ಲಿಂದ ಚೇತರಿಸಿತು. ಒಂದೇ ಘಟನೆ, ಎರಡು ವಯಸ್ಸು, ಎರಡು ಫಲ. ಬಾಲ್ಯವೇ ಹಣೆಬರಹ ಎಂಬ ನಂಬಿಕೆಗೂ, ವಯಸ್ಸೇ ಎಲ್ಲ ಎಂಬ ನಂಬಿಕೆಗೂ ಇದಕ್ಕಿಂತ ಗಟ್ಟಿಯಾದ ಉತ್ತರ ಈ ಶಾಸ್ತ್ರದಲ್ಲಿ ಬಂದಿಲ್ಲ.

ಬಾಲ್ಟಿಸ್ 1987ರಲ್ಲಿ ಇವೆಲ್ಲವನ್ನೂ ಸೇರಿಸಿ ಜೀವಿತಾವಧಿ ಮನೋವಿಜ್ಞಾನದ ಸೂತ್ರಗಳನ್ನು ಬರೆದರು. ವಿಕಾಸ ಬದುಕಿನುದ್ದಕ್ಕೂ ನಡೆಯುತ್ತದೆ. ಪ್ರತಿ ಘಟ್ಟದಲ್ಲೂ ಗಳಿಕೆಯ ಜೊತೆಗೇ ನಷ್ಟವಿದೆ. ಅದು ಚರಿತ್ರೆಯೊಳಗೆ ನಡೆಯುತ್ತದೆ. ಮುಪ್ಪಿನಲ್ಲಿ ಜನ ಹೇಗೆ ನಿಭಾಯಿಸುತ್ತಾರೆ ಎಂಬುದಕ್ಕೆ ಅವರು ಪಿಯಾನೊ ವಾದಕ ಆರ್ಥರ್ ರುಬಿನ್‌ಸ್ಟೈನ್ ಅವರ ಉದಾಹರಣೆ ಕೊಡುತ್ತಿದ್ದರು: ಇಳಿವಯಸ್ಸಿನಲ್ಲಿ ಕಡಿಮೆ ಕೃತಿಗಳನ್ನು ಆರಿಸಿಕೊಂಡು, ಅವನ್ನೇ ಹೆಚ್ಚು ಅಭ್ಯಾಸ ಮಾಡಿ, ವೇಗದ ಭಾಗಕ್ಕೆ ಮೊದಲು ಬೇಕೆಂದೇ ನಿಧಾನಿಸಿ ಆಮೇಲಿನದು ವೇಗವಾಗಿ ಕೇಳುವಂತೆ ನುಡಿಸುತ್ತಿದ್ದರಂತೆ. ಆಯ್ಕೆ, ಸಾಧನೆ, ಸರಿದೂಗಿಸುವಿಕೆ ಎಂಬ ಬಾಲ್ಟಿಸ್ ದಂಪತಿಯ ಮಾದರಿಯ ತಿರುಳು ಇದೇ.

ಹಾಗಾದರೆ ಎರಿಕ್‌ಸನ್? ಇಡೀ ಜೀವನದ ನಕ್ಷೆ 1950ರಲ್ಲೇ ಅವರ ‘ಚೈಲ್ಡ್‌ಹುಡ್ ಅಂಡ್ ಸೊಸೈಟಿ’ಯಲ್ಲಿತ್ತು. ಅದಕ್ಕೂ ಮೊದಲು, 1933ರಲ್ಲಿ, ವಿಯೆನ್ನಾದ ಶಾರ್ಲೊಟ್ ಬ್ಯೂಲರ್ ನೂರಾರು ಜೀವನಚರಿತ್ರೆಗಳನ್ನು ಆಧರಿಸಿ ಬದುಕಿನ ಘಟ್ಟಗಳನ್ನು ಗುರುತಿಸಿದ್ದರು. 1938ರಲ್ಲಿ ನಾಜಿಗಳು ಅವರ ಪತಿಯನ್ನು ಬಂಧಿಸಿದ ಮೇಲೆ ಆ ಸಂಶೋಧನಾ ಬಳಗವೇ ಚದುರಿಹೋಯಿತು. ಎರಿಕ್‌ಸನ್ 1962ರಲ್ಲಿ ಜೀವನಚಕ್ರದ ಬಗ್ಗೆ ವಿಚಾರಗೋಷ್ಠಿ ನಡೆಸಲು ಅಹಮದಾಬಾದಿಗೆ ಬಂದರು. ಅಲ್ಲಿ ಅವರಿಗೆ ಸಿಕ್ಕಿದ್ದು 1918ರ ಗಿರಣಿ ಮುಷ್ಕರ, 48ರ ಗಾಂಧಿ. ಫಲವಾಗಿ 1969ರ ‘ಗಾಂಧೀಸ್ ಟ್ರೂತ್’. ಅಲ್ಲೇ ಪರಿಚಯವಾದ ಸುಧೀರ್ ಕಕ್ಕರ್ 1978ರ ‘ದಿ ಇನ್ನರ್ ವರ್ಲ್ಡ್’ನಲ್ಲಿ ಎಂಟು ಹಂತಗಳನ್ನೂ ಆಶ್ರಮ ವ್ಯವಸ್ಥೆಯನ್ನೂ ಎದುರುಬದುರು ಇಟ್ಟರು. ಈ ಹೋಲಿಕೆ ನಮ್ಮಲ್ಲಿ ಬಲು ಜನಪ್ರಿಯ. ನನಗೆ ಅದು ಒಗ್ಗುವುದಿಲ್ಲ. ಆಶ್ರಮಗಳು ದ್ವಿಜ ಗಂಡಸರಿಗೆ ಹೇಳಿದ ವಿಧಿ, ಕಂಡದ್ದರ ವರದಿಯಲ್ಲ. ಹೆಂಗಸರೂ ದುಡಿಯುವ ಜಾತಿಗಳೂ ಅದರ ಹೊರಗೆ. ಎರಿಕ್‌ಸನ್‌ ಅವರ ಹಂತಗಳಿಗೂ ಶತಮಾನದ ಮಧ್ಯದ ಅಮೆರಿಕದ ಒಂದು ಓರಗೆಯ ಬಣ್ಣ ಅಂಟಿದೆ: ಹರೆಯದಲ್ಲಿ ಹುಡುಕಾಟ, ಬಳಿಕ ಮದುವೆ, ಬಳಿಕ ಮಕ್ಕಳು.

ಕನ್ನಡ ನಾಡಿನಲ್ಲಿ ಈ ಪ್ರಶ್ನೆ ಪುಸ್ತಕದ್ದಷ್ಟೇ ಅಲ್ಲ. ವಿ. ವಿ. ಕಾಮತ್ ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಬಿನೆ ಪರೀಕ್ಷೆಯನ್ನು ಮಾರ್ಪಡಿಸಿ 1934ರಲ್ಲಿ ಪ್ರಕಟಿಸಿದರು. ಅದು ಬಿನೆ-ಕಾಮತ್ ಪರೀಕ್ಷೆಯೆಂಬ ಹೆಸರಿನಲ್ಲಿ ದಶಕಗಟ್ಟಲೆ ಭಾರತದ ಚಿಕಿತ್ಸಾಲಯಗಳಲ್ಲಿ ಬೌದ್ಧಿಕ ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಆಧಾರವಾಗಿದೆ. 1987ರಲ್ಲಿ ಜೇಮ್ಸ್ ಫ್ಲಿನ್ 14 ದೇಶಗಳ ಅಂಕಿಅಂಶದಿಂದ, ಪ್ರತಿ ತಲೆಮಾರಿಗೂ ಬುದ್ಧಿಪರೀಕ್ಷೆಯ ಅಂಕ ಏರುತ್ತ ಬಂದಿರುವುದನ್ನು ತೋರಿಸಿದರು. ಹಾಗಿದ್ದರೆ 1930ರ ದಶಕದ ಮಕ್ಕಳ ಅಳತೆಗೋಲಿನಲ್ಲಿ ಇಂದಿನ ಮಗುವಿನ ಅಂಕ ಇರಬೇಕಾದ್ದಕ್ಕಿಂತ ಮೇಲೆ ಕಾಣುತ್ತದೆ. ಪ್ರಮಾಣಪತ್ರದ ಗೆರೆಯ ಮೇಲೆ ನಿಂತ ಮಗುವಿಗೆ ಸಿಗಬೇಕಾದ ನೆರವು ತಪ್ಪಬಹುದು.

ಮೈಸೂರಿನವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಇನ್ನೊಂದು ತುದಿ. 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ದಾಖಲೆಯಲ್ಲಿ ಉಳಿದಿವೆ. ಆ ಮಕ್ಕಳು ನಡುವಯಸ್ಸಿಗೆ ಬಂದ ಮೇಲೆ ಅವರನ್ನು ಪತ್ತೆಹಚ್ಚಿ ನಡೆಸಿದ ಅಧ್ಯಯನ, ಚಿಕ್ಕದಾಗಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚೆಂದು 1996ರಲ್ಲಿ ‘ಲ್ಯಾನ್ಸೆಟ್’ನಲ್ಲಿ ವರದಿ ಮಾಡಿತು. 1934ರಿಂದ 1966ರ ನಡುವೆ ಹುಟ್ಟಿದ ಈ ಗುಂಪಿನ ನೆನಪು, ಗ್ರಹಿಕೆ, ಮುಪ್ಪಿನ ಮನಸ್ಸನ್ನೂ ಮುಂದೆ ಅಳೆಯಲಾಗಿದೆ. ಅದೇ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನ 1997-98ರಲ್ಲಿ ಬಸುರಿ ಹೆಂಗಸರಿಂದ ಶುರುವಾಯಿತು. ಬಸಿರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ಮಕ್ಕಳು 9-10ನೇ ವಯಸ್ಸಿನ ಬೌದ್ಧಿಕ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರು. ಒಂದು ಓರಗೆ ಸಂಸ್ಥಾನದ ಕಾಲದಲ್ಲಿ ಹುಟ್ಟತೊಡಗಿದ್ದು, ಇನ್ನೊಂದು ಕೇಬಲ್ ಟಿ.ವಿ. ಬಂದ ಮೇಲೆ ಹುಟ್ಟಿದ್ದು. ಇವೆರಡನ್ನೂ ಒಂದೇ ವಯಸ್ಸಿನಲ್ಲಿ ಹೋಲಿಸಿ, ಮೈಸೂರಿನ ಮುಪ್ಪಿನಲ್ಲಿ ವಯಸ್ಸಿನ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಕೇಳಬೇಕಾದರೆ ಪಾರ್ಥೆನಾನ್ ಮಕ್ಕಳಿಗೆ ಅರವತ್ತಾಗಬೇಕು. ಅದು 2058ರ ಮಾತು.