ಬೆಂಗಳೂರು ಅರಮನೆ: ಇಸವಿ, ಎಕರೆಗಳ ತಾಳೆ

1. ಗ್ಯಾರೆಟ್ಟರ ಮನೆ

ವಸಂತನಗರದ ಅರಮನೆಗೆ ಸಾಮಾನ್ಯವಾಗಿ 1862ರ ಇಸವಿ ಕೊಡುತ್ತಾರೆ. ಇದು ರೆವರೆಂಡ್ ಜೆ. ಗ್ಯಾರೆಟ್ ಮನೆ ಕಟ್ಟಿಸತೊಡಗಿದ ವರ್ಷ. ಸೆಂಟ್ರಲ್ ಹೈಸ್ಕೂಲಿನ (ಮುಂದೆ ಸೆಂಟ್ರಲ್ ಕಾಲೇಜು) ಮೊದಲ ಪ್ರಾಂಶುಪಾಲರೆಂದು ಪ್ರಸಿದ್ಧರಾದ ಇವರು ಅರಸು ಮನೆತನದವರಲ್ಲ. ಆದ್ದರಿಂದ 1862 ‘ಅರಮನೆ’ಯ ಇಸವಿ ಅಲ್ಲ, ಅದಕ್ಕೆ ಮೊದಲಿದ್ದ ಖಾಸಗಿ ಮನೆಯದು ಎಂದು ಓದುವುದು ಹೆಚ್ಚು ಸರಿ.

2. ಕ್ರಯದ ವರ್ಷ: 1873 ಅಥವಾ 1884?

ಮೈಸೂರಿನ ಅರಸರಾದ ಹತ್ತನೇ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ ಈ ಮನೆ ಕ್ರಯವಾದದ್ದು 1873ರಲ್ಲಿ ಎಂಬುದು ಒಂದು ಹೇಳಿಕೆ, 1884ರಲ್ಲಿ ಎಂಬುದು ಇನ್ನೊಂದು. ಅರಸರು ಹುಟ್ಟಿದ್ದು 1863ರ ಫೆಬ್ರವರಿಯಲ್ಲಿ. ಬ್ರಿಟಿಷರು ರಾಜ್ಯವನ್ನು ಮರಳಿ ಒಪ್ಪಿಸಿದ್ದು 1881ರ ಮಾರ್ಚಿನಲ್ಲಿ. 1873 ನಿಜವಾದರೆ ಕೊಳ್ಳುವಾಗ ಅವರಿಗೆ ಹತ್ತು ವರ್ಷ, ಅಂದರೆ ವ್ಯವಹಾರ ಪಾಲಕರದು. ಅಪ್ರಾಪ್ತ ಅರಸರ ನಿಧಿಯಿಂದ 40,000 ರೂಪಾಯಿ ತೆತ್ತರೆಂಬ ಹೇಳಿಕೆ ಈ ವರ್ಷಕ್ಕೆ ಮಾತ್ರ ಹೊಂದುತ್ತದೆ. 1884ರಲ್ಲಿ ಅವರು ಅಪ್ರಾಪ್ತರಾಗಿರಲಿಲ್ಲ. ಈಗಿನ ರೂಪದ ಕಟ್ಟಡ ಕಾಮಗಾರಿಗೆ 1874–78 ಎಂಬ ಕಾಲವೂ ಉಲ್ಲೇಖವಾಗುತ್ತದೆ. ಅದನ್ನು ಒಪ್ಪಿದರೆ 1884ರ ಕ್ರಯ ನಿಲ್ಲುವುದು ಕಷ್ಟ.

ಅರಮನೆಯ ಉದ್ಯಾನವನ್ನು ಲಾಲ್‌ಬಾಗಿನ ಜಾನ್ ಕ್ಯಾಮರಾನ್ ಹೆಸರಿಗೆ ಹಚ್ಚುವುದುಂಟು. ಅವರು ಲಾಲ್‌ಬಾಗಿನ ಹೊಣೆ ಹೊತ್ತದ್ದು 1874ರಲ್ಲಿ, ಕಾಲವೇನೋ ಕೂಡುತ್ತದೆ. ಕಾಲ ಕೂಡಿದ ಮಾತ್ರಕ್ಕೆ ಕರ್ತೃತ್ವ ಸಿದ್ಧವಾಗದು.

3. ವಿಂಡ್ಸರ್ ಕಥೆ

ಅರಸರು ಇಂಗ್ಲೆಂಡಿನ ವಿಂಡ್ಸರ್ ಕೋಟೆಮನೆಯನ್ನು ಕಂಡು ಬಂದು ಇದನ್ನು ಕಟ್ಟಿಸಿದರೆಂಬ ಮಾತು ಜನಪ್ರಿಯ. 1862ರಲ್ಲಿ ಚಾಮರಾಜೇಂದ್ರರು ಹುಟ್ಟಿರಲಿಲ್ಲ, 1874ರಲ್ಲಿ ಹನ್ನೊಂದರ ಬಾಲಕ. ಟ್ಯೂಡರ್ ಶೈಲಿಯ ಗೋಪುರ, ತೆನೆಗೋಡೆಗಳ ಹೋಲಿಕೆಯಿಂದಾಚೆಗೆ ಈ ಕಥೆಯನ್ನು ಎಳೆಯದಿರುವುದೇ ಲೇಸು.

4. ವಿಸ್ತೀರ್ಣ

ಪ್ರವಾಸಿ ಕೈಪಿಡಿಗಳಲ್ಲಿ ಆವರಣ 454 ಎಕರೆ. 1996ರ ಬೆಂಗಳೂರು ಅರಮನೆ (ಸ್ವಾಧೀನ ಮತ್ತು ವರ್ಗಾವಣೆ) ಅಧಿನಿಯಮದ ಲೆಕ್ಕ 472 ಎಕರೆ 16 ಗುಂಟೆ. ವ್ಯತ್ಯಾಸ 18 ಎಕರೆ 16 ಗುಂಟೆ. ರಸ್ತೆಗೆ ಹೋದ ಜಾಗದಿಂದ ಈ ಅಂತರ ಬಂತೆಂದು ಊಹಿಸುವ ಮನಸ್ಸಾಗುತ್ತದೆ. ಆದರೆ ರಸ್ತೆ ಅಗಲೀಕರಣದ ವಿವಾದದಲ್ಲಿರುವುದು ಸುಮಾರು ಹದಿನೈದೂವರೆ ಎಕರೆ. ಅಂಕಿಗಳು ಕೂಡವು.

5. ಒಡೆತನ

ಸಂಸ್ಥಾನದ ವಿಲೀನದ ನಂತರ ಅರಮನೆಯನ್ನು ಜಯಚಾಮರಾಜ ಒಡೆಯರ ಖಾಸಗಿ ಸ್ವತ್ತೆಂದು ಮಾನ್ಯ ಮಾಡಲಾಯಿತು. 1996ರ ಅಧಿನಿಯಮ ಇಡೀ ಆವರಣಕ್ಕೆ 11 ಕೋಟಿ ರೂಪಾಯಿ ಗೊತ್ತುಪಡಿಸಿತು. 1997ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಮನೆತನ ಸುಪ್ರೀಂ ಕೋರ್ಟಿಗೆ ಹೋಯಿತು. 2024ರ ಡಿಸೆಂಬರ್ 10ರಂದು ಆ ನ್ಯಾಯಾಲಯ, ರಸ್ತೆ ಅಗಲೀಕರಣದ ಜಾಗಕ್ಕೆ ಅಭಿವೃದ್ಧಿ ಹಕ್ಕು ವರ್ಗಾವಣೆ ಪತ್ರ ನೀಡುವಂತೆ ಆದೇಶಿಸಿತು. ಅದರ ಮೌಲ್ಯವನ್ನು ಸುಮಾರು 3,011 ಕೋಟಿ ರೂಪಾಯಿ ಎಂದು ಲೆಕ್ಕಿಸಲಾಯಿತು. 11 ಕೋಟಿ, 3,011 ಕೋಟಿಗಳನ್ನು ಅಕ್ಕಪಕ್ಕ ಇಡುವಾಗ ಮೊದಲನೆಯದು ಪೂರ್ತಿ ಆವರಣದ್ದು, ಎರಡನೆಯದು ಅದರ ಅಂಚಿನದು ಎಂಬುದನ್ನು ಬಿಡಬಾರದು. 1996ರ ಅಧಿನಿಯಮದ ಸಿಂಧುತ್ವದ ಮೇಲಿನ ಮೇಲ್ಮನವಿಗಳು ಈ ಆದೇಶದ ದಿನದವರೆಗೂ ಇತ್ಯರ್ಥವಾಗಿರಲಿಲ್ಲ.