ಬಾಡಿಗೆ ಮನೆ ಬಿಡುವ ಮುನ್ಸೂಚನೆ: ಉಜಿರೆ ಸೀಮೆಯ ಹಿನ್ನೆಲೆ

ಉಜಿರೆ, ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆಗಳನ್ನೊಳಗೊಂಡ ದಕ್ಷಿಣ ಕನ್ನಡದಲ್ಲಿ ಹಿಂದೆ ಒಕ್ಕಲುತನವೆಂದರೆ ಮುಖ್ಯವಾಗಿ ಭೂಮಿಯ ಗೇಣಿ. ಮೂಲಗೇಣಿ ಶಾಶ್ವತ ಹಕ್ಕು. ಅದರ ಗೇಣಿಯೂ ನಿಗದಿತ. ಚಾಲಗೇಣಿ ವರ್ಷದಿಂದ ವರ್ಷಕ್ಕೆ ನಡೆಯುತ್ತಿದ್ದುದರಿಂದ ಒಕ್ಕಲನ್ನು ಎಬ್ಬಿಸುವುದು ಧಣಿಗೆ ಸುಲಭವಿತ್ತು. 1974ರ ಮಾರ್ಚ್ 1ರಂದು ಜಾರಿಯಾದ ಭೂಸುಧಾರಣೆ ಗೇಣಿ ಪದ್ಧತಿಯನ್ನು ಕೊನೆಗೊಳಿಸಿತು.

ಮನೆ ಬಾಡಿಗೆಯ ದಾರಿ ಬೇರೆ. ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗಲೇ 1882ರ ಸ್ವತ್ತು ವರ್ಗಾವಣೆ ಕಾಯ್ದೆ ಬಂತು. ಬೇರೆ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದರೆ, ಅದರ 106ನೇ ಕಲಮಿನ ಪ್ರಕಾರ ವಾಸದ ಮನೆಯ ಬಾಡಿಗೆ ತಿಂಗಳಿಂದ ತಿಂಗಳಿಗೆ ಸಾಗುತ್ತದೆ. ಅದನ್ನು ಮುಗಿಸಲು 15 ದಿನಗಳ ನೋಟಿಸ್ ಬೇಕು. ಈ ನಿಯಮ ಮಾಲೀಕ, ಬಾಡಿಗೆದಾರ ಇಬ್ಬರಿಗೂ ಸಮಾನ. ಮೊದಲು ನೋಟಿಸಿನ ಅವಧಿ ಬಾಡಿಗೆ ತಿಂಗಳ ಕೊನೆಗೇ ಮುಗಿಯಬೇಕಿತ್ತು. ದಿನ ತಪ್ಪಿದರೆ ಮನೆ ಬಿಡಿಸುವ ದಾವೆ ಬಿದ್ದುಹೋಗುತ್ತಿತ್ತು. 2002ರ ತಿದ್ದುಪಡಿ ಈ ಬಿಗಿಯನ್ನು ಸಡಿಲಿಸಿ, ನೋಟಿಸ್ ತಲುಪಿದ ದಿನದಿಂದ ಅವಧಿ ಎಣಿಸುವಂತೆ ಮಾಡಿತು.

1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಮತ್ತು ಅದರ ಬದಲಿಗೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯ್ದೆ, ತಮಗೆ ಒಳಪಟ್ಟ ಪ್ರದೇಶಗಳಲ್ಲಿ, ಮಾಲೀಕರು ಬಾಡಿಗೆದಾರರನ್ನು ಎಬ್ಬಿಸುವುದಕ್ಕೆ ಮಿತಿ ಹಾಕಿದವು.

ಉಜಿರೆಯಲ್ಲಿ 1966ರಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜು ಆರಂಭವಾಯಿತು. ಇಂಥ ವಿದ್ಯಾಕೇಂದ್ರಗಳಿಗೆ ಹೊರಗಿನ ಊರುಗಳಿಂದ ಬರುವ ವಿದ್ಯಾರ್ಥಿಗಳಿಗೂ ನೌಕರರಿಗೂ ಬಾಡಿಗೆ ಮನೆ ಬೇಕಾಗುತ್ತದೆ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯವಾದ್ದರಿಂದ ಕರ್ನಾಟಕದಲ್ಲಿ 11 ತಿಂಗಳ ಕರಾರು ಸಾಮಾನ್ಯ. ಅದರಲ್ಲಿ ಬರೆದ ನೋಟಿಸ್ ಅವಧಿಯೇ ಇಬ್ಬರನ್ನೂ ಕಟ್ಟುತ್ತದೆ. ಕರಾರು ಮೌನವಾಗಿದ್ದರೆ ಮಾತ್ರ 15 ದಿನಗಳ ನಿಯಮಕ್ಕೆ ಮರಳಬೇಕು.