ಮಣ್ಣೆತ್ತಿನಿಂದ ರಿಮೋಟ್ ಟ್ರ್ಯಾಕ್ಟರ್‌ವರೆಗೆ

ಓಟದ ಕಾರುಗಳ ಕಿರುಮಾದರಿ ಕಟ್ಟುವವರ ಲೋಕದಲ್ಲಿ ಫೆರಾರಿ, ಲೋಟಸ್, ಹೋಂಡಾ ದೊಡ್ಡ ಹೆಸರುಗಳು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ ಶರ್ಯತ್ತಿಗೆ ಇಳಿಯುವ ವಾಹನಗಳೇ ಬೇರೆ. ಜೋಡೆತ್ತಿನ ಗಾಡಿ, ಒಂದು ಕುದುರೆ ಒಂದು ಎತ್ತು ಹೂಡಿದ ಗಾಡಿ, ಭಾರ ಎಳೆಯುವ ತೆರಬಂಡಿ, ಜಾತ್ರೆಯ ಬಯಲಿನಲ್ಲಿ ಟ್ರೇಲರ್ ಸಮೇತ ಹಿಮ್ಮುಖವಾಗಿ ಓಡುವ ಟ್ರ್ಯಾಕ್ಟರ್. ಹಾಗಾಗಿ ಇಲ್ಲಿ ಕಿರುವಾಹನ ಕಟ್ಟುವ ಹವ್ಯಾಸದ ಚರಿತ್ರೆ ಕಾರಿನಿಂದಲ್ಲ, ಎತ್ತಿನಿಂದ ಶುರುವಾಗುತ್ತದೆ.

ಮಣ್ಣು, ದಂಟು, ಚಪ್ಪಲಿ

ಕಾರಹುಣ್ಣಿಮೆಯ ದಿನ ಎತ್ತುಗಳನ್ನು ಸಿಂಗರಿಸಿ ಓಡಿಸಿ ಕರಿ ಹರಿಯುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಅದೇ ಎತ್ತು ಅಂಗೈಯಗಲದ ಮಣ್ಣಿನ ರೂಪ ತಾಳಿ ಜಗಲಿ ಏರುತ್ತದೆ. ಓಡಿದ್ದನ್ನು ಕಂಡು, ಕಂಡದ್ದನ್ನು ಚಿಕ್ಕದಾಗಿ ಮಾಡುವ ಈ ಕ್ರಮ ದಖ್ಖನ್‌ಗೆ ಬಲು ಹಳೆಯದು. 1974ರಲ್ಲಿ ಮಹಾರಾಷ್ಟ್ರದ ಆಗಿನ ಅಹಮದ್‌ನಗರ ಜಿಲ್ಲೆಯ ದೈಮಾಬಾದ್‌ನಲ್ಲಿ ಸಿಕ್ಕ ಕಂಚಿನ ರಥ ಸುಮಾರು 45 ಸೆಂಟಿಮೀಟರ್ ಉದ್ದವಿದೆ. ಎರಡು ಎತ್ತು, ನೊಗ, ಉದ್ದನೆಯ ಮೂಕಿ, ನಿಂತು ಹೊಡೆಯುವ 16 ಸೆಂಟಿಮೀಟರ್ ಎತ್ತರದ ಸಾರಥಿ. ಆಳಿನ ಎತ್ತರ ಹಿಡಿದು ಲೆಕ್ಕ ಹಾಕಿದರೆ ಅದು ಹೆಚ್ಚುಕಡಿಮೆ ಹತ್ತನೇ ಒಂದರ ಮಾದರಿ.

ಹಬ್ಬದ ಮಣ್ಣೆತ್ತು ದೊಡ್ಡವರದಾದರೆ, ಹುಡುಗರದು ಜೋಳದ ದಂಟಿನ ಬಂಡಿ. ದಂಟಿನ ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ತುಂಡು ಮಾಡಿ, ಸಿಪ್ಪೆಯ ಚೂಪು ಕಡ್ಡಿಗಳನ್ನೇ ಮೊಳೆಯಾಗಿ ಚುಚ್ಚಿದರೆ ಗಾಡಿ ಸಿದ್ಧ. ಅಂಟಿಲ್ಲ, ಖರ್ಚಿಲ್ಲ. ಹವಾಯಿ ಚಪ್ಪಲಿ ಹಳ್ಳಿಗೆ ಬಂದ ಮೇಲೆ ಅದರ ಹಳೆ ಅಟ್ಟೆಯನ್ನು ದುಂಡಗೆ ಕೊಯ್ದು ಗಾಲಿ ಮಾಡಿದರು. ರಬ್ಬರ್ ಗಾಲಿಯೂ ತಂತಿಯ ಅಚ್ಚೂ ಸೇರಿದ್ದರಿಂದ ನೋಡುವ ಗಾಡಿ ಎಳೆದಾಡುವ ಗಾಡಿಯಾಯಿತು. ಆದರೆ ಇವೆಲ್ಲ ಕಣ್ಣಳತೆಯ ಕೆಲಸ. ಎತ್ತಿಗಿಂತ ಗಾಲಿ ದೊಡ್ಡದಾದರೂ ಯಾರೂ ತಕರಾರು ಮಾಡುತ್ತಿರಲಿಲ್ಲ.

ಬಡಿಗೇರರ ಅಡಿಪಟ್ಟಿ

ಅಳತೆಯ ಶಿಸ್ತು ಇದ್ದದ್ದು ಬಡಿಗೇರರ ಕೈಯಲ್ಲಿ. ಚಕ್ಕಡಿಯ ಗಾಲಿಗೆ ಗುಂಬ ಎಷ್ಟು ದಪ್ಪ, ಅರೆಗಳು ಎಷ್ಟು, ಕಬ್ಬಿಣದ ಹಳಿಯನ್ನು ಎಷ್ಟು ಬಿಗಿ ಮಾಡಿ ಕಾಯಿಸಿ ತೊಡಿಸಬೇಕು ಎಂಬುದೆಲ್ಲ ಅವರಿಗೆ ಬಾಯಿಪಾಠ. ಅಡಿ-ಇಂಚಿನಲ್ಲಿ ಅಳೆಯುವವನಿಗೆ ಹನ್ನೆರಡನೇ ಒಂದರ ಮಾದರಿ ಸಲೀಸು: ಒಂದು ಅಡಿಗೆ ಒಂದು ಇಂಚು. ಐದಡಿಯ ಗಾಲಿ ಐದಿಂಚು, ಹತ್ತಡಿಯ ಮೂಕಿ ಹತ್ತಿಂಚು. ಫಾರ್ಮುಲಾ ಒನ್ ಕಾರುಗಳ ದೊಡ್ಡ ಕಿಟ್‌ಗಳೂ ಹಿಡಿದಿರುವುದು ಇದೇ 1:12 ಪ್ರಮಾಣವನ್ನು.

ಕಿಟ್ ಬಂದ ದಾರಿ

ಹೊರಗಿನ ಲೋಕದಲ್ಲಿ ಕಿರುವಾಹನಕ್ಕೆ ಪ್ರಮಾಣ ಹಾಕಿಕೊಟ್ಟದ್ದು ಆಟದ ರೈಲು. ಬ್ರಿಟನ್ನಿನ ಹಾರ್ನ್‌ಬಿ ರೈಲುಗಳ ಪಕ್ಕದಲ್ಲಿ ಇಡಲೆಂದು 1930ರ ದಶಕದಲ್ಲಿ ಡಿಂಕಿ ಕಾರುಗಳು ಬಂದವು; ಇಂದಿಗೂ ಸಂಗ್ರಹಕಾರರು ಹಿಡಿದಿರುವ 1:43 ಪ್ರಮಾಣದ ಮೂಲ ಆ ರೈಲಿನ ಅಳತೆ. ಬಿಡಿಭಾಗ ಜೋಡಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್‌ನ ಕಥೆ ಕಬ್ಬು ಬೆಳೆಯುವ ಈ ಸೀಮೆಯವರಿಗೆ ಇನ್ನೂ ಹತ್ತಿರದ್ದು. ಏರ್‌ಫಿಕ್ಸ್ ಕಂಪನಿಯ ಮೊದಲ ಮಾದರಿ ವಿಮಾನವೂ ಅಲ್ಲ, ರೇಸ್ ಕಾರೂ ಅಲ್ಲ. 1949ರ ಫರ್ಗ್ಯೂಸನ್ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಮಾರುವವರು ಗಿರಾಕಿಗಳಿಗೆ ತೋರಿಸಲೆಂದು ಮಾಡಿಸಿಕೊಂಡದ್ದು ಆಮೇಲೆ ಕಿಟ್ ಆಗಿ ಅಂಗಡಿಗೆ ಬಂತು. ಅಮೆರಿಕದಲ್ಲಿ ಫ್ರೆಡ್ ಅರ್ಟ್ಲ್ 1945ರಲ್ಲಿ ಮನೆಯ ನೆಲಮಾಳಿಗೆಯಲ್ಲಿ ಅಲ್ಯೂಮಿನಿಯಂ ಕರಗಿಸಿ ಎರಕ ಹೊಯ್ದ ಟ್ರ್ಯಾಕ್ಟರ್ ಆಟಿಕೆಗಳೇ ಮುಂದೆ ದೊಡ್ಡ ಉದ್ಯಮವಾದವು.

ರೇಸ್ ಕಾರನ್ನು ಮೇಲಕ್ಕೆತ್ತಿದ್ದು ಜಪಾನಿನ ತಮಿಯಾ. 1967ರಲ್ಲಿ ಅದು ಹೋಂಡಾ ಆರ್‌ಎ273 ಕಾರನ್ನು 1:12ರಲ್ಲಿ ತಂದಾಗ ಎಂಜಿನ್ ಕೊಳವೆಗಳವರೆಗೆ ಎಲ್ಲವೂ ಜೋಡಿಸುವವನ ಕೈಗೆ ಬಂದವು. 1976ರಲ್ಲಿ ಅದೇ ಕಂಪನಿ ಪೋರ್ಷೆ 934 ಮಾದರಿಗೆ ರೇಡಿಯೊ ನಿಯಂತ್ರಣ ಅಳವಡಿಸಿತು. ಕಪಾಟಿನ ವಸ್ತುವಾಗಿದ್ದ ಮಾದರಿ ನೆಲಕ್ಕಿಳಿದು ಓಡತೊಡಗಿತು.

ಭಾರತಕ್ಕೆ ಈ ಅಲೆ ಬಳಸಿದ ಅಚ್ಚುಗಳ ರೂಪದಲ್ಲಿ ತಲುಪಿತು. ಡಿಂಕಿಯ ಹಳೆ ಅಚ್ಚುಗಳಿಂದ 1960ರ ದಶಕದ ಕೊನೆಯ ಹೊತ್ತಿಗೆ ಕಲ್ಕತ್ತದಲ್ಲಿ ನಿಕಿ ಆಟಿಕೆಗಳು ತಯಾರಾದವು. ಮುಂದೆ ಲಿಯೊ ಮ್ಯಾಟೆಲ್ ಹೆಸರಿನಲ್ಲಿ ಹಾಟ್‌ವೀಲ್ಸ್ ಕಾರುಗಳು ಬಂದವು. ಇವೆಲ್ಲ ಕಟ್ಟಿ ಮುಗಿಸಿದ ಆಟಿಕೆಗಳು. ಕಟ್ಟುವ ಕಿಟ್ ಮಾತ್ರ ದೊಡ್ಡ ಶಹರದ, ಹೊರದೇಶದ ನೆಂಟಸ್ತಿಕೆ ಇದ್ದವರ ಸೊತ್ತಾಗಿಯೇ ಉಳಿಯಿತು.

ಕೈಗೆ ಸಿಕ್ಕಿದ ಮೋಟಾರು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ತಿರುವು ಬಂದದ್ದು ಕಿಟ್‌ನಿಂದಲ್ಲ, ಬಿಡಿಭಾಗಗಳಿಂದ. ಫೋಮ್ ಶೀಟು, ಪಿವಿಸಿ ಪೈಪು, ಗೇರ್ ಇರುವ ಸಣ್ಣ ಮೋಟಾರು, ರಿಮೋಟು, ಮತ್ತೆ ಮತ್ತೆ ಚಾರ್ಜ್ ಮಾಡುವ ಬ್ಯಾಟರಿ ಅಗ್ಗವಾದವು. ಯೂಟ್ಯೂಬ್ ಗುರುವಾಯಿತು. ಮಹೀಂದ್ರದ ಕೆಂಪು, ಜಾನ್ ಡೀರ್‌ನ ಹಸಿರು, ಸೋನಾಲಿಕದ ನೀಲಿ ಬಣ್ಣ ಬಳಿದು, ಡಬ್ಬಲ್ ಟ್ರೇಲರ್ ಕಟ್ಟಿ, ಕಬ್ಬಿನ ಬದಲು ಹುಲ್ಲಿನ ಕಟ್ಟು ಹೇರಿ ದಿಬ್ಬ ಹತ್ತಿಸುವ ವಿಡಿಯೊಗಳು ಇಂದು ಕನ್ನಡದಲ್ಲೇ ಬೇಕಾದಷ್ಟಿವೆ. ಸಕ್ಕರೆ ಕಾರ್ಖಾನೆಯ ಹಾದಿಯಲ್ಲಿ ದಿನವೂ ಅಸಲಿ ಟ್ರ್ಯಾಕ್ಟರ್ ನೋಡುವ ಹುಡುಗ ಬಂಪರ್‌ನ ಬರಹ, ಹಾಡಿನ ಪೆಟ್ಟಿಗೆ, ಹೈಡ್ರಾಲಿಕ್ ತೋಳು ಯಾವುದನ್ನೂ ಬಿಡುವುದಿಲ್ಲ.

ಆದರೆ ಸ್ಕೇಲ್ ಮಾದರಿಯ ಕಟ್ಟುನಿಟ್ಟಿನಿಂದ ನೋಡಿದರೆ ಕೊರತೆ ಇದೆ. ಮೂರು ಮಿಲಿಮೀಟರ್ ಶೀಟಿನಿಂದ 1:12ರ ಮಡ್‌ಗಾರ್ಡ್ ಕೊಯ್ದರೆ, ಅಸಲಿ ಲೆಕ್ಕಕ್ಕೆ ಅದು 36 ಮಿಲಿಮೀಟರ್ ದಪ್ಪದ ತಗಡಾಯಿತು. ರೇಸ್ ಕಾರಿನ ಹವ್ಯಾಸಿಗಳು ಈ ತೊಡಕಿಗೆ ಕಾಗದದಷ್ಟು ತೆಳ್ಳಗಿನ ಲೋಹದ ಹಾಳೆಗಳ ಮೊರೆಹೋಗುತ್ತಾರೆ, ಇಲ್ಲವೇ ಕಾಣುವ ಅಂಚನ್ನಷ್ಟೇ ಉಜ್ಜಿ ತೆಳ್ಳಗೆ ಮಾಡುತ್ತಾರೆ. ತೂಕದ ಲೆಕ್ಕ ಇನ್ನೂ ಕಠಿಣ. ಉದ್ದ ಹನ್ನೆರಡನೇ ಒಂದಾದರೆ ತೂಕ 1,728ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ; ಎರಡು ಟನ್ ಟ್ರ್ಯಾಕ್ಟರ್‌ನ ಮಾದರಿ 1.2 ಕಿಲೊ ಮೀರಬಾರದು. ಜಗ್ಗುವ ಶಕ್ತಿಗಾಗಿ ನಮ್ಮವರು ಗಾಲಿಯೊಳಗೆ ಭಾರ ತುಂಬುತ್ತಾರೆ. ಜಗ್ಗಾಟಕ್ಕೆ ಅದು ಸರಿ, ಪ್ರಮಾಣಕ್ಕೆ ಸರಿಯಲ್ಲ. ಈ ಎರಡರ ನಡುವೆ ಆಯ್ದುಕೊಳ್ಳುವ ಹಂತಕ್ಕೆ ನಮ್ಮ ಹವ್ಯಾಸ ಈಗ ಬಂದು ನಿಂತಿದೆ.

ಸುಂಕ, ಕಾನೂನು, ಕಾರ್ಖಾನೆ

ಹೊರಗಿನ ಕಿಟ್ ತರಿಸುವುದು ಈಚೆಗೆ ಇನ್ನಷ್ಟು ದುಬಾರಿ. ಸುಂಕದ ಪಟ್ಟಿಯಲ್ಲಿ ಸ್ಕೇಲ್ ಮಾದರಿಗಳೂ ಆಟಿಕೆಗಳ ಸಾಲಿನಲ್ಲೇ ಇವೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿಯಿಂದ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು, ನೋಂದಾಯಿತ ಕುಶಲಕರ್ಮಿಗಳಿಗೆ ವಿನಾಯಿತಿ ಸಿಕ್ಕಿತು. ಇತ್ತ ಕಿನ್ನಾಳದ ಗೊಂಬೆಗೆ ಹೆಸರಾದ ಕೊಪ್ಪಳ ಜಿಲ್ಲೆಯ ಭಾನಾಪುರದಲ್ಲಿ ಏಕಸ್ ಕಂಪನಿಯ ಆಟಿಕೆ ಕ್ಲಸ್ಟರ್ ತಲೆಯೆತ್ತಿದೆ. ಸುಂಕ ನೋಡಿದರೂ ಕಾರ್ಖಾನೆ ನೋಡಿದರೂ ಇದು ಸ್ವಂತ ಕೈಯಿಂದ ಕಟ್ಟುವವನಿಗೆ ಒದಗಿಬಂದ ಕಾಲ.

ಅಸಲಿ ಓಟವೂ ಏಳುಬೀಳು ಕಂಡಿದೆ. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು, ಎತ್ತಿನ ಗಾಡಿ ಓಟ ನಿಲ್ಲಿಸಿತು. ಓಟಕ್ಕೆ ಅವಕಾಶ ಕೊಡಲು ಕರ್ನಾಟಕ 2017ರಲ್ಲಿ ಪ್ರಾಣಿಹಿಂಸೆ ತಡೆ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಇಂಥ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಓಟ ಉಳಿಯಿತು, ಕಟ್ಟಿಗೆಯ ಹಳೆ ಗಾಡಿ ಮಾತ್ರ ಟೈರ್ ಗಾಡಿಗೂ ಟ್ರ್ಯಾಕ್ಟರ್‌ಗೂ ಜಾಗ ಬಿಟ್ಟುಕೊಡುತ್ತಿದೆ.

ಇಷ್ಟೆಲ್ಲ ನೋಡಿದ ಮೇಲೆ ಹೇಳಬಹುದಾದದ್ದು ಒಂದೇ. ಈ ಸೀಮೆಗೆ ಕೈಗುಣ ಇದೆ, ಯಂತ್ರದ ಮೇಲೆ ಪ್ರೀತಿಯೂ ಇದೆ. ಅಡಿಪಟ್ಟಿಯ ಶಿಸ್ತು ಸೇರಿದರೆ ಇಲ್ಲಿಯ ಮಾದರಿಗಳು ಜಪಾನಿನ ಕಿಟ್‌ಗಳ ಪಕ್ಕದಲ್ಲಿ ತಲೆಯೆತ್ತಿ ನಿಲ್ಲಬಲ್ಲವು. ಐಟಿಐ, ಪಾಲಿಟೆಕ್ನಿಕ್‌ಗಳು ಬಡಿಗೇರರನ್ನು ಕರೆಸಿ ಒಂದು ಚಕ್ಕಡಿಯ ನಕ್ಷೆ ಬರೆಸಲಿ, ಜಾತ್ರೆಯ ಸಮಿತಿಯವರು ಓಟದ ಜೊತೆಗೆ ಕಿರುಮಾದರಿಗೂ ಒಂದು ಬಹುಮಾನ ಇಡಲಿ. ನಿಮ್ಮ ಹಿತ್ತಲಲ್ಲಿ ಹಳೆ ಗಾಡಿ ಮುರಿದು ಬಿದ್ದಿದ್ದರೆ, ಒಲೆಗೆ ಹಾಕುವ ಮೊದಲು ಟೇಪ್ ಹಿಡಿದು ಅದರ ಒಂದೊಂದು ಭಾಗವನ್ನೂ ಅಳೆದು ಬರೆದಿಡಿ.